ಅರಬಿ ಅಕ್ಷರಗಳ ಚಿತ್ರ ಪ್ರದರ್ಶನ: ‘ಶಾಂತಿ’ ಅಂತ ಬೋರ್ಡ್ ಹಾಕಲೇಬೇಕಾ?

ಮಸಿಬಾಟ್ಲಿ (ಮಂಗಳೂರು):

ಎಲ್ಲರಿಗೂ ನಮಸ್ಕಾರ, ಸಲಾಂ. ಮಳೆಗಾಲ ಮುಗಿದ ಮೇಲೆ ಮಂಗಳೂರಿನಲ್ಲಿ ನನ್ನ ಚಿತ್ರಗಳ ಸಣ್ಣ ಪ್ರದರ್ಶನ ಇಡುವ ಆಲೋಚನೆ ಉಂಟು. ಎಲ್ಲವೂ ಅರಬಿ ಕ್ಯಾಲಿಗ್ರಫಿ. ಅರ್ಧದಷ್ಟು ಕಾಗದದ ಮೇಲೆ, ಬಿದಿರಿನ ಕಲಂ ಮತ್ತು ಕಪ್ಪು ಮಸಿಯಲ್ಲಿ ಬರೆದದ್ದು. ಉಳಿದದ್ದು ದೊಡ್ಡ ಕ್ಯಾನ್ವಾಸ್, ಅಕ್ರಿಲಿಕ್. ನಾನು ಮೊದಲು ಓದಿದ್ದು ಚಿತ್ರಕಲೆ, ಖತ್, ಅಂದರೆ ಅರಬಿ ಅಕ್ಷರ ಬರೆಯುವ ಕಲೆ, ಕಲಿತದ್ದು ಆಮೇಲೆ. ಹಾಗಾಗಿ ಎರಡೂ ಕಡೆಯವರಿಗೆ ನಾನು ಸ್ವಲ್ಪ ಹೊರಗಿನವಳೇ.

ಮೂರು ವಿಷಯಕ್ಕೆ ತಲೆ ಬಿಸಿಯಾಗಿದೆ.

ಮೊದಲನೆಯದು, ಹಾಲ್ ಕೊಡುವವರು ಪ್ರದರ್ಶನಕ್ಕೆ ‘ಶಾಂತಿ ಸೌಹಾರ್ದ’ ಅಂತ ಹೆಸರಿಡಿ ಎನ್ನುತ್ತಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಅದರಲ್ಲಿ ಅನುಮಾನ ಇಲ್ಲ. ಆದರೆ ಅದೇ ಹಾಲ್‌ನಲ್ಲಿ ಹಿಂದಿನ ತಿಂಗಳು ಒಬ್ಬರು ಗಣಪತಿಯ ಚಿತ್ರಗಳನ್ನೇ ಇಟ್ಟಿದ್ದರು. ಅವರಿಗೆ ಯಾರೂ ಸೌಹಾರ್ದದ ಬೋರ್ಡ್ ಹಾಕಿಸಲಿಲ್ಲ. ನಾನು ಬಿಸ್ಮಿ (‘ಅಲ್ಲಾಹನ ಹೆಸರಿನಿಂದ’ ಎನ್ನುವ ಸಾಲು) ಬರೆದರೆ ಮಾತ್ರ ಸಮಜಾಯಿಷಿ ಬೇಕಾ? ಆ ಬೋರ್ಡ್ ಹಾಕಿದ ತಕ್ಷಣ ನಾನು ಚಿತ್ರಗಾರ್ತಿ ಅಲ್ಲ, ಬ್ಯಾರಿ ಹುಡುಗಿ ಆಗಿಬಿಡುತ್ತೇನೆ.

ಎರಡನೆಯದು, ನಮ್ಮವರಲ್ಲೇ ಕೆಲವು ಹಿರಿಯರು ಆಯತ್ತನ್ನು (ಕುರ್‌ಆನಿನ ಸಾಲನ್ನು) ಬಣ್ಣ ಚೆಲ್ಲಿದ ಕ್ಯಾನ್ವಾಸಿನ ಮೇಲೆ ಬರೆಯುವುದು, ಅದನ್ನು ಮಾರುವುದು ಸರಿಯಲ್ಲ ಎನ್ನುತ್ತಾರೆ. ಉಮ್ಮನಿಗೆ ಇರುವುದು ಒಂದೇ ಚಿಂತೆ: ಕಾಲಿನ ಮಟ್ಟಕ್ಕೆ ಬರುವ ಹಾಗೆ ತೂಗು ಹಾಕಬೇಡ.

ಮೂರನೆಯದು, ಬರುವವರಲ್ಲಿ ಮುಕ್ಕಾಲು ಜನರಿಗೆ ಅರಬಿ ಓದಲು ಬರುವುದಿಲ್ಲ. ಅವರು ನೋಡುವುದು ಏನನ್ನು?

ಅನುಭವ ಇರುವವರು ಹೇಳಿ. ಬೈಯುವುದಿದ್ದರೂ ಬೈಯಿರಿ, ಆದರೆ ಸ್ವಲ್ಪ ವಿವರವಾಗಿ ಬೈಯಿರಿ.

---

ಸುಮ್ನೆ_ಓದುಗ:

ನೇರವಾಗಿ ಹೇಳ್ತೇನೆ, ಬೇಜಾರು ಮಾಡಬೇಡಿ. ಈಗಿನ ಕಾಲದಲ್ಲಿ ಊರಲ್ಲಿ ಅರಬಿ ಅಕ್ಷರ ಕಂಡರೆ ಕೆಲವರು ಹೆದರ್ತಾರೆ, ಕೆಲವರು ಸಿಟ್ಟಾಗ್ತಾರೆ. ‘ಶಾಂತಿ’ ಅಂತ ಒಂದು ಬೋರ್ಡ್ ಇದ್ದರೆ ನಿಮಗೇ ಒಳ್ಳೆಯದಲ್ವಾ? ಕೊಡೆ ಇದ್ದರೆ ಮಳೆಗೆ ಹೆದರಬೇಕಾಗಿಲ್ಲ.

---

ಮಸಿಬಾಟ್ಲಿ:

@ಸುಮ್ನೆ_ಓದುಗ, ಬೇಜಾರಿಲ್ಲ. ಕೊಡೆಯನ್ನು ನಾನೇ ಹಿಡಿದುಕೊಂಡರೆ ಸರಿ. ಬೇರೆಯವರು ಕೈಗೆ ಕೊಟ್ಟು ‘ಹಿಡಿದುಕೊಂಡೇ ಬಾ’ ಅಂದರೆ ಸ್ವಲ್ಪ ಕಷ್ಟ.

---

ಬಂದರ್_ಪೇಂಟರ್:

ತಂಗಿ, ನಾನು ಹಳೇ ಬೋರ್ಡ್ ಪೇಂಟರ್. ಫ್ಲೆಕ್ಸ್ ಬರುವ ಮೊದಲು ಬಂದರು, ಕುದ್ರೋಳಿ, ಸ್ಟೇಟ್ ಬ್ಯಾಂಕ್ ಕಡೆ ಅಂಗಡಿ ಬೋರ್ಡ್‌ಗಳಿಗೆ ಕನ್ನಡ, ಇಂಗ್ಲಿಷ್, ಅರಬಿ ಮೂರನ್ನೂ ಬರೆದವನು. ನಾನು ಮುಸ್ಲಿಂ ಅಲ್ಲ. ಅರಬಿ ಓದಲು ಈಗಲೂ ಬರುವುದಿಲ್ಲ, ಬರೆಯಲು ಬರುತ್ತದೆ. ನಗಬೇಡಿ, ಬೋರ್ಡ್ ಪೇಂಟರುಗಳಲ್ಲಿ ಇದು ಹೊಸತೇನೂ ಅಲ್ಲ.

ಅಂಗಡಿಯವರು ಒಂದು ಚೀಟಿಯಲ್ಲಿ ಬರೆದು ಕೊಡುತ್ತಿದ್ದರು. ಅದಕ್ಕೆ ಪೆನ್ಸಿಲಿನಲ್ಲಿ ಚೌಕ ಎಳೆದು ದೊಡ್ಡದು ಮಾಡಿಕೊಳ್ಳುತ್ತಿದ್ದೆ. ಮುಗಿದ ಮೇಲೆ ಮದ್ರಸದ ಉಸ್ತಾದರನ್ನು ಕರೆದು ತೋರಿಸುವುದು ಕಡ್ಡಾಯ. ಚುಕ್ಕೆ ಒಂದು ಆಚೆ ಈಚೆ ಆದರೂ ಅಕ್ಷರವೇ ಬೇರೆ ಆಗುತ್ತದೆ. ಒಂದೇ ಬಟ್ಟಲಿನ ಆಕಾರ: ಕೆಳಗೆ ಒಂದು ಚುಕ್ಕೆ ಇಟ್ಟರೆ ‘ಬ’, ಮೇಲೆ ಎರಡಿಟ್ಟರೆ ‘ತ’. ಉಸ್ತಾದರು ಏಣಿಯ ಕೆಳಗೆ ನಿಂತು ಬೆರಳು ತೋರಿಸಿ ‘ಇನ್ನೊಂದು, ಇನ್ನೊಂದು’ ಎನ್ನುತ್ತಿದ್ದರು. ಮೇಲಿಂದ ನಾನು ಚುಕ್ಕೆ ಇಡುತ್ತಿದ್ದೆ.

ಹೈದರಾಬಾದಿನಲ್ಲಿ ಅನಿಲ್ ಕುಮಾರ್ ಚೌಹಾಣ್ ಅಂತ ನನ್ನ ಹಾಗೇ ಬೋರ್ಡ್ ಬರೆಯುವವರು ಇದ್ದಾರೆ, ಪೇಪರಿನಲ್ಲೂ ಬಂದಿತ್ತು. ಉರ್ದು ಬೋರ್ಡ್ ಬರೆಯುತ್ತಾ ಭಾಷೆಯನ್ನೇ ಕಲಿತರು. ಆಮೇಲೆ ನೂರಕ್ಕೂ ಜಾಸ್ತಿ ಮಸೀದಿಗಳಲ್ಲಿ ಕುರ್‌ಆನಿನ ಸಾಲುಗಳನ್ನು ಬರೆದರು. ಹಿಂದೂ ಬರೆಯಬಹುದಾ ಅಂತ ಕೆಲವರು ತಕರಾರು ತೆಗೆದಾಗ ಅವರು ಅಲ್ಲಿನ ಜಾಮಿಯಾ ನಿಜಾಮಿಯಾ ಎಂಬ ದೊಡ್ಡ ಮದ್ರಸಕ್ಕೆ ಹೋಗಿ ಕೇಳಿದರು. ಶುದ್ಧವಾಗಿದ್ದು ಬರೆಯಬಹುದು ಅಂತ ಅಲ್ಲಿಂದ ಒಪ್ಪಿಗೆ ಸಿಕ್ಕಿತು.

ಓದಲು ಬಾರದವರು ಏನು ನೋಡುತ್ತಾರೆ ಅಂತ ಕೇಳಿದಿರಿ. ನನ್ನನ್ನೇ ಕೇಳಿ. ನಾನು ನೋಡುವುದು ಗೆರೆಯ ದಪ್ಪ ಮತ್ತು ಸಪುರ. ಕೈ ಎಲ್ಲಿ ನಿಂತಿತು, ಎಲ್ಲಿ ಧೈರ್ಯದಿಂದ ಹೋಯಿತು ಅಂತ ಗೊತ್ತಾಗುತ್ತದೆ. ಅದು ಯಾವ ಭಾಷೆಯಲ್ಲಿದ್ದರೂ ಗೊತ್ತಾಗುತ್ತದೆ.

---

ಕಲ್ಸಂಕ_ಮೇಷ್ಟ್ರು (ಉಡುಪಿ):

ಮೇಲಿನ ಪೇಂಟರ್ ಅಣ್ಣನ ಕೊನೆಯ ಮಾತಿಗೆ ನನ್ನದೊಂದು ವೋಟು.

ಡ್ರಾಯಿಂಗ್ ಮೇಷ್ಟ್ರಾಗಿ ಒಂದು ಪ್ರಶ್ನೆ. ನಿಮ್ಮ ಕಾಗದದ ಕೆಲಸಗಳು ಯಾವ ಶೈಲಿಯಲ್ಲಿವೆ? ಕ್ಯಾನ್ವಾಸ್ ಬಗ್ಗೆ ನನಗೊಂದು ಪೂರ್ವಗ್ರಹ ಉಂಟು, ಹೇಳಿಯೇ ಬಿಡ್ತೇನೆ. ಈಗ ಇಂಟರ್‌ನೆಟ್ ತುಂಬ ಬರುವ ‘ಮಾಡರ್ನ್ ಇಸ್ಲಾಮಿಕ್ ಆರ್ಟ್’ ನೋಡಿದರೆ ಮೊದಲು ನೀಲಿ ಬಣ್ಣ ಸುರಿದಿರುತ್ತಾರೆ, ಅದರ ಮೇಲೆ ಚಿನ್ನದ ಹಾಳೆ, ಅದರ ಮೇಲೆ ಕಂಪ್ಯೂಟರಿನಿಂದ ತೆಗೆದ ಅಕ್ಷರದ ಸ್ಟೆನ್ಸಿಲ್. ಸೋಫಾದ ಹಿಂದಿನ ಗೋಡೆಗೆ ಚೆನ್ನಾಗಿರುತ್ತದೆ. ಆದರೆ ಅಕ್ಷರ ಬರೆದ ಕೈ ಅಲ್ಲೆಲ್ಲೂ ಕಾಣುವುದಿಲ್ಲ. ನಿಮ್ಮದು ಆ ಜಾತಿಯದ್ದಲ್ಲ ಅಂದುಕೊಂಡಿದ್ದೇನೆ.

---

ಮಸಿಬಾಟ್ಲಿ:

@ಕಲ್ಸಂಕ_ಮೇಷ್ಟ್ರು, ಸರ್, ಸ್ಟೆನ್ಸಿಲ್ ಇಲ್ಲ, ಆಣೆ ಮಾಡಿ ಹೇಳ್ತೇನೆ. ಚಿನ್ನದ ಹಾಳೆ ಒಂದರಲ್ಲಿ ಉಂಟು. ಅದು ಇರಲಿ ಬಿಡಿ. :)

ಕಾಗದದ ಕೆಲಸ ಹೆಚ್ಚಿನದು ನಸ್ಖ್, ಕೆಲವು ಥುಲುಥ್. ಎರಡು ಚೌಕ ಕೂಫಿ. ಗ್ರಾಫ್ ಕಾಗದದ ಚೌಕಗಳಲ್ಲೇ ಅಕ್ಷರ ಕಟ್ಟುವುದು ಇದು, ಕಲಿಯುವವರಿಗೆ ಬೇಗ ಹಿಡಿತ ಸಿಗುತ್ತದೆ.

---

ಶಾರ್ಜಾ_ರಿಟರ್ನ್:

ತಂಗಿ, ಅಸ್ಸಲಾಮು ಅಲೈಕುಂ. ಗಲ್ಫಿನಲ್ಲಿ ಇದ್ದಾಗ ರಜೆ ದಿನಗಳಲ್ಲಿ ಒಬ್ಬ ಉಸ್ತಾದರ ಹತ್ತಿರ ಖತ್ ಕಲಿತವನು ನಾನು. ಶಾರ್ಜಾದಲ್ಲಿ ಇದಕ್ಕೆಂದೇ ಒಂದು ಮ್ಯೂಸಿಯಂ ಉಂಟು, ಕ್ಯಾಲಿಗ್ರಫಿಗೆಂದೇ ಎರಡು ವರ್ಷಕ್ಕೊಮ್ಮೆಯ ಪ್ರದರ್ಶನ, ಬಿಯೆನ್ನಾಲೆ, ನಡೆಯುತ್ತದೆ. ನಮ್ಮೂರಿನಿಂದ ಹೋದವರಲ್ಲಿ ಎಷ್ಟು ಜನ ಅದರೊಳಗೆ ಕಾಲಿಟ್ಟಿದ್ದಾರೋ ಗೊತ್ತಿಲ್ಲ, ಮಾಲ್ ಮಾತ್ರ ಎಲ್ಲರೂ ನೋಡಿದ್ದಾರೆ.

ಕಲಿಸುವ ಕ್ರಮ ಸ್ವಲ್ಪ ಹೇಳ್ತೇನೆ, ಇಲ್ಲಿ ಬೇರೆಯವರಿಗೂ ತಿಳಿಯಲಿ. ಮೊದಲ ದಿನವೇ ಅಲಿಫ್, ಬಾ ಅಂತ ಶುರು ಆಗುವುದಿಲ್ಲ. ತುರ್ಕಿ ಪದ್ಧತಿಯಲ್ಲಿ ಮೊದಲ ಪಾಠ ಒಂದು ಪ್ರಾರ್ಥನೆ. ‘ರಬ್ಬಿ ಯಸ್ಸಿರ್ ವಲಾ ತುಅಸ್ಸಿರ್, ರಬ್ಬಿ ತಮ್ಮಿಂ ಬಿಲ್ ಖೈರ್.’ ದೇವರೇ ಸುಲಭ ಮಾಡು, ಕಷ್ಟ ಮಾಡಬೇಡ, ಒಳ್ಳೆಯ ರೀತಿಯಲ್ಲಿ ಮುಗಿಸಿಕೊಡು. ಈ ಒಂದು ಸಾಲಿನಲ್ಲೇ ಹುಡುಗರು ತಿಂಗಳುಗಟ್ಟಲೆ ಕೂರುತ್ತಾರೆ. ಬರೆದು ತಂದದ್ದರ ಕೆಳಗೆ ಉಸ್ತಾದರು ಕೆಂಪು ಮಸಿಯಲ್ಲಿ ತಿದ್ದುತ್ತಾರೆ. ಹೊಗಳುವುದಿಲ್ಲ. ಸರಿ ಇದ್ದರೆ ಏನೂ ಹೇಳುವುದಿಲ್ಲ, ಮುಂದಿನ ಸಾಲು ಬರೆದು ಕೊಡುತ್ತಾರೆ. ಕೊನೆಗೆ ಇಜಾಝ, ಅಂದರೆ ಉಸ್ತಾದರ ಒಪ್ಪಿಗೆ, ಸಿಕ್ಕಿದ ಮೇಲೆಯೇ ಚಿತ್ರದ ಕೆಳಗೆ ಸ್ವಂತ ಹೆಸರು ಹಾಕುವ ಹಕ್ಕು.

ಅಳತೆ ಎಲ್ಲ ಚುಕ್ಕೆಯಲ್ಲಿ. ಕಲಂ ಅನ್ನು ಓರೆಯಾಗಿ ಒತ್ತಿದರೆ ವಜ್ರದ ಆಕಾರದ ಒಂದು ಚುಕ್ಕೆ ಬೀಳುತ್ತದಲ್ಲ, ಅದೇ ಮೂಲಮಾನ. ನಸ್ಖ್‌ನಲ್ಲಿ ಅಲಿಫ್ ಸುಮಾರು 5 ಚುಕ್ಕೆ ಎತ್ತರ, ಥುಲುಥ್‌ನಲ್ಲಿ 7. ಕಲಂ ದಪ್ಪ ಇದ್ದರೆ ಚುಕ್ಕೆ ದೊಡ್ಡದು, ಅಕ್ಷರವೂ ಅದೇ ಲೆಕ್ಕದಲ್ಲಿ ದೊಡ್ಡದು. ಈ ಲೆಕ್ಕವನ್ನು ಕಟ್ಟಿದವರು ಇಬ್ನ್ ಮುಕ್ಲಾ ಅಂತ ಬಗ್ದಾದಿನ ವಜೀರ. ಮೂವರು ಖಲೀಫರ ಕೆಳಗೆ ಕೆಲಸ ಮಾಡಿದವರು. ರಾಜಕೀಯದಲ್ಲಿ ಸಿಕ್ಕಿಬಿದ್ದು ಕೊನೆಗೆ ಜೈಲು ಸೇರಿದರು. ಅವರ ಬಲಗೈಯನ್ನೇ ಕಡಿದರು. 940ರಲ್ಲಿ ಜೈಲಿನಲ್ಲೇ ತೀರಿಕೊಂಡರು. ಅಂಥ ಕೈಯಿಂದ ಬಂದದ್ದು ಈ ಅಳತೆ. ಆಮೇಲೆ 1258ರಲ್ಲಿ ಮಂಗೋಲರು ಬಗ್ದಾದನ್ನು ಹಾಳುಗೆಡವಿದಾಗ ಯಾಕೂತ್ ಅಲ್ ಮುಸ್ತಅಸಿಮಿ ಅಂತ ಅಲ್ಲಿನ ಹೆಸರಾಂತ ಖತ್ ಬರಹಗಾರ ಮಿನಾರದೊಳಗೆ ಅಡಗಿ ಕುಳಿತು ಬರೆಯುತ್ತಲೇ ಇದ್ದರು ಅಂತ ಕಥೆ. ಕಲಂನ ತುದಿಯನ್ನು ಓರೆಯಾಗಿ ಕತ್ತರಿಸುವ ಕ್ರಮವನ್ನು ಗಟ್ಟಿ ಮಾಡಿದವರು ಅವರೇ ಎನ್ನುತ್ತಾರೆ.

ಶಾಂತಿಯ ಬೋರ್ಡಿನ ಬಗ್ಗೆ ನನ್ನ ಅಭಿಪ್ರಾಯ ಇಲ್ಲಿಂದಲೇ ಬರುತ್ತದೆ. ಈ ಕಲೆ ಶಾಂತಿಯ ಕಾಲದಲ್ಲಿ ಹುಟ್ಟಿದ್ದಲ್ಲ, ಸುತ್ತ ಗಲಾಟೆ ಇರುವಾಗ ಯಾರೋ ಕೂತು ಒಂದು ಚುಕ್ಕೆಯ ಲೆಕ್ಕ ತಪ್ಪದ ಹಾಗೆ ಬರೆದದ್ದು. ಶಾಂತಿ ಕಾಗದದಲ್ಲಿ ಇದ್ದರೆ ಬೋರ್ಡ್ ಬೇಡ. ಇಲ್ಲದಿದ್ದರೆ ಬೋರ್ಡಿನಿಂದ ಬರುವುದಿಲ್ಲ.

ಹಿರಿಯರ ಆಕ್ಷೇಪದ ಬಗ್ಗೆ. ಆಯತ್ ಬರೆಯುವ ಮೊದಲು ವುಳೂ ಮಾಡಿಕೊಂಡು (ಕೈಕಾಲು ಮುಖ ತೊಳೆದು ಶುದ್ಧವಾಗಿ) ಕೂರುವುದು ರೂಢಿ, ನೀವೂ ಮಾಡುತ್ತಿರಬಹುದು. ಮಾರುವ ವಿಷಯದಲ್ಲಿ, ಹಳೇ ಕಾಲದ ಖತ್ತಾತ್‌ಗಳೂ ಕುರ್‌ಆನ್ ಪ್ರತಿ ಬರೆದು ಸಂಬಳ ತೆಗೆದುಕೊಂಡವರೇ. ಅವರಿಗೂ ಮನೆ ಮಕ್ಕಳು ಇದ್ದರಲ್ಲ. ನನಗೆ ಇಷ್ಟ ಆಗದ್ದು ಬೇರೆ: ಅಕ್ಷರ ಓದಲು ಬಾರದ ಹಾಗೆ ತಿರುಚಿ, ಕತ್ತರಿಸಿ, ಮೇಲೆ ಬಣ್ಣ ಎರಚಿ ‘ಅಮೂರ್ತ’ ಎನ್ನುವುದು. ಅದಕ್ಕೆ ಆಯತ್ ಯಾಕೆ? ಒಂದು ‘ವಾವ್’ ಅಕ್ಷರ ತಗೊಳ್ಳಿ, ಒಂದು ‘ಹಾ’ ತಗೊಳ್ಳಿ, ಇಷ್ಟ ಬಂದ ಹಾಗೆ ಆಡಿ. ಯಾರೂ ಕೇಳುವುದಿಲ್ಲ.

---

ನೇತ್ರಾವತಿ_ದಡ:

ಶಾರ್ಜಾ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಮನೆಯ ಮದುವೆ ಕಾಗದದಲ್ಲೂ ಇದೇ ಚರ್ಚೆ ಆಗಿತ್ತು. ಬಿಸ್ಮಿಯನ್ನು ಪೂರ್ತಿ ಅಚ್ಚು ಹಾಕಿಸಿದರೆ ಕಾಗದ ನಾಳೆ ಯಾರ ಕಸದ ಬುಟ್ಟಿಗೋ ಹೋಗುತ್ತದೆ ಅಂತ ಅಜ್ಜಿ ಹಠ ಹಿಡಿದರು, 786 ಅಂತ ಹಾಕಿಸಿದೆವು. ಅಕ್ಷರಕ್ಕೊಂದು ಅಂಕಿ ಇಟ್ಟು ಬಿಸ್ಮಿಯ ಅಕ್ಷರಗಳನ್ನು ಕೂಡಿದರೆ ಬರುವ ಮೊತ್ತ ಅದು.

ಮಾರಿದ ಚಿತ್ರದ ಹಿಂದೆ ಒಂದು ಚೀಟಿ ಅಂಟಿಸಿ: ಎಲ್ಲಿ ತೂಗು ಹಾಕಬೇಕು, ಎಲ್ಲಿ ಬೇಡ ಅಂತ. ತೆಗೆದುಕೊಂಡವರಿಗೂ ನೆಮ್ಮದಿ. ಹೆಚ್ಚಿನವರಿಗೆ ಗೊತ್ತಿಲ್ಲದೆ ತಪ್ಪಾಗುವುದು, ಬೇಕಂತಲೇ ಅಲ್ಲ.

---

ಕೊಡಿಯಾಲ್_ಮಾಮ್:

ಮಗಳೇ, ಗಣಪತಿಯ ಉದಾಹರಣೆ ಕೊಟ್ಟಿದ್ದೀರಿ. ನಾನು ನಮ್ಮ ಅಲೋಶಿಯಸ್ ಚಾಪೆಲಿನದ್ದು ಕೊಡುತ್ತೇನೆ. ಆಂಟೋನಿಯೊ ಮೊಸ್ಕೇನಿ ಅಂತ ಇಟಲಿಯ ಬೆರ್ಗಾಮೊ ಕಡೆಯ ಜೆಸ್ವಿಟ್ ಬ್ರದರ್ ಬಂದು 1899ರಿಂದ ಸುಮಾರು ಎರಡು ವರ್ಷ ಆ ಗೋಡೆ, ಮಾಡು ಎಲ್ಲ ಚಿತ್ರ ಬರೆದರು. ಹಸಿ ಗಾರೆಯ ಮೇಲೆ ಫ್ರೆಸ್ಕೊ, ಕೆಲವು ಕಡೆ ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣ. ಈಗ ಟೂರಿಸ್ಟ್ ಬಸ್ಸುಗಳು ಬಂದು ನಿಲ್ಲುತ್ತವೆ. ಎಲ್ಲ ಜಾತಿಯವರೂ ಕತ್ತೆತ್ತಿ ನೋಡಿ ಹೋಗುತ್ತಾರೆ. ಅಲ್ಲಿ ‘ಸೌಹಾರ್ದ’ ಅಂತ ಬೋರ್ಡ್ ಇಲ್ಲ. ಅದು ಒಬ್ಬ ಭಕ್ತ ತನ್ನ ಭಕ್ತಿಗೆ ಮಾಡಿದ ಕೆಲಸ ಅಂತ ಯಾರಿಗೂ ಹೇಳಬೇಕಾಗಿಲ್ಲ.

ಆದರೆ ಒಂದು ವ್ಯತ್ಯಾಸ ಉಂಟು. ಅಲ್ಲಿ ಚಿತ್ರದಲ್ಲಿ ಮನುಷ್ಯರಿದ್ದಾರೆ. ಕಥೆ ಗೊತ್ತಿಲ್ಲದಿದ್ದರೂ ಒಂದು ಮುಖ ಕಾಣುತ್ತದೆ. ನಿಮ್ಮಲ್ಲಿ ಬರೀ ಅಕ್ಷರ. ಅದಕ್ಕೆ ಪಕ್ಕದಲ್ಲಿ ಏನು ಬರೆದಿದೆ ಅಂತ ಕನ್ನಡದಲ್ಲಿ ಒಂದು ಸಣ್ಣ ಕಾರ್ಡ್ ಇಡಿ. ಬೋರ್ಡ್ ಬೇರೆ, ಕಾರ್ಡ್ ಬೇರೆ.

ಇನ್ನೊಂದು ಮಾತು. ಉಪ್ಪುಗಾಳಿ, ಮಳೆ. ಆ ಚಾಪೆಲಿನ ಚಿತ್ರಗಳಿಗೇ ತೇವ ಹಿಡಿದು ದೊಡ್ಡ ದುರಸ್ತಿ ಮಾಡಿಸಬೇಕಾಯ್ತು. ನಿಮ್ಮ ಕಾಗದ ಹುಷಾರು.

---

ಕಲ್ಸಂಕ_ಮೇಷ್ಟ್ರು (ಉಡುಪಿ):

ಕಾರ್ಡಿಗೆ ನನ್ನ ವಿರೋಧ ಉಂಟು ಮಾಮ್. ಕಾರ್ಡ್ ಇಟ್ಟರೆ ಜನ ಕಾರ್ಡನ್ನೇ ಓದುತ್ತಾರೆ, ಚಿತ್ರ ನೋಡುವುದಿಲ್ಲ. ನಾನು ಶಾಲೆಯ ಮಕ್ಕಳನ್ನು ಪ್ರದರ್ಶನಕ್ಕೆ ಕರೆದುಕೊಂಡು ಹೋದಾಗ ನೋಡಿದ್ದೇನೆ. ಚಿತ್ರದ ಮುಂದೆ ಎರಡು ಸೆಕೆಂಡು, ಕಾರ್ಡಿನ ಮುಂದೆ ಅರ್ಧ ನಿಮಿಷ. ಅರ್ಥ ಸಿಕ್ಕಿದ ಕೂಡಲೇ ಕೆಲಸ ಮುಗಿಯಿತು ಅಂತ ಮುಂದಕ್ಕೆ.

ವಿಜಯಪುರದ ಇಬ್ರಾಹಿಂ ರೋಜಾ ನೋಡಿದವರು ಇದ್ದೀರಾ? ಎರಡನೇ ಇಬ್ರಾಹಿಂ ಆದಿಲ್‌ಶಾಹನ ಸಮಾಧಿ, ಅವನು ತೀರಿಕೊಂಡದ್ದು 1627ರಲ್ಲಿ. ಅಲ್ಲಿ ಕಿಟಕಿಗಳ ಕಲ್ಲಿನ ಜಾಲರಿಯೇ ಅರಬಿ ಅಕ್ಷರ. ಅಕ್ಷರ ಮತ್ತು ಅಕ್ಷರದ ನಡುವಿನ ಜಾಗವನ್ನು ತೂತು ಕೊರೆದಿದ್ದಾರೆ, ಬೆಳಕು ಅಲ್ಲಿಂದ ಒಳಗೆ ಬರುತ್ತದೆ. ಹೊರಗಿನಿಂದ ನೋಡಿದರೆ ಕಲ್ಲಿನ ಕೆತ್ತನೆ. ಒಳಗೆ ಕತ್ತಲಲ್ಲಿ ನಿಂತರೆ ಅಕ್ಷರಗಳು ಕಪ್ಪು, ಸಂದುಗಳು ಬೆಳಕು. ಕನ್ನಡದ ಮಣ್ಣಿನಲ್ಲಿ ಕಟ್ಟಿದ್ದು ಇದು. ಇದೇ ಅರಸ ತನ್ನ ಕಿತಾಬ್-ಎ-ನವರಸ್‌ನಲ್ಲಿ ಸರಸ್ವತಿಯನ್ನು ಸ್ತುತಿಸಿದವನು, ಜನ ಜಗದ್ಗುರು ಬಾದಶಾಹ ಅಂತ ಕರೆದರು. ನನಗೆ ಅಲ್ಲಿ ಒಂದಕ್ಷರ ಓದಲು ಬರಲಿಲ್ಲ. ಗೈಡ್ ಹೇಳಲು ಬಂದಾಗ ‘ಸ್ವಲ್ಪ ಹೊತ್ತು ಸುಮ್ಮನಿರಿ ಮಾರಾಯ್ರೆ’ ಅಂದೆ.

---

ಕೊಡಿಯಾಲ್_ಮಾಮ್:

ಮೇಷ್ಟ್ರೇ, ನೀವು ಚಿತ್ರಕಲೆ ಓದಿದವರು, ಸುಮ್ಮನಿರಿ ಅನ್ನಬಹುದು. ಸ್ಟೇಟ್ ಬ್ಯಾಂಕಿನಲ್ಲಿ ಬಸ್ಸಿಗೆ ಕಾಯುವಾಗ ಹೊತ್ತು ಕಳೆಯಲು ಬಂದವನು ಅರ್ಥ ಗೊತ್ತಾಗದೆ ಹೊರಗೆ ಹೋಗಿ ಏನಾದರೂ ಕತೆ ಕಟ್ಟಿದರೆ? ನಮ್ಮೂರು ನಿಮಗೂ ಗೊತ್ತಲ್ಲ. ವಾಟ್ಸಾಪ್‌ನಲ್ಲಿ ಫೋಟೊ ಹೋಗುವುದು ಕಾರ್ಡ್ ಇಲ್ಲದೆ ಹೋಗುತ್ತದೆ.

---

ಸುಮ್ನೆ_ಓದುಗ:

ನಾನು ಮೊದಲೇ ಇದನ್ನೇ ಹೇಳಿದ್ದು.

---

ಮುಲ್ಕಿ_ಹೊಳೆ:

ನಮ್ಮ ಬಪ್ಪನಾಡಿನ ದುರ್ಗಾಪರಮೇಶ್ವರಿ ದೇವಸ್ಥಾನದ ಐತಿಹ್ಯದಲ್ಲಿ ಬಪ್ಪ ಬ್ಯಾರಿ ಅಂತ ಒಬ್ಬ ಮುಸ್ಲಿಂ ವ್ಯಾಪಾರಿ ಬರುತ್ತಾನೆ. ಶಾಂಭವಿ ಹೊಳೆಯಲ್ಲಿ ಅವನ ದೋಣಿ ನಿಂತದ್ದು, ದೇವಿಗೆ ಗುಡಿ ಕಟ್ಟಿಸಿದ್ದು, ಎಲ್ಲರಿಗೂ ಗೊತ್ತಿರುವ ಕಥೆ. ಇವತ್ತಿಗೂ ಜಾತ್ರೆಯಲ್ಲಿ ಆ ಮನೆತನಕ್ಕೆ ಗೌರವ ಸಲ್ಲುತ್ತದೆ. ಅದು ಸೌಹಾರ್ದದ ಕಾರ್ಯಕ್ರಮ ಅಲ್ಲ, ಕಟ್ಟುಕಟ್ಟಳೆ. ಭಾಷಣ ಇಲ್ಲ, ಬ್ಯಾನರ್ ಇಲ್ಲ. ಪ್ರಸಾದ ಕೊಡ್ತಾರೆ, ತಗೊಳ್ತಾರೆ, ಮುಗೀತು. ಅಕ್ಕನ ಸಿಟ್ಟು ನನಗೆ ಅರ್ಥ ಆಗುತ್ತದೆ.

ಬೀದರಿನ ಹತ್ತಿರ ಅಷ್ಟೂರಿನಲ್ಲಿಯೂ ಹೀಗೇ. 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹ್ಮದ್ ಶಾಹನ ಗೋರಿ. ಒಳಗೆ ಮೇಲ್ಛಾವಣಿ ತುಂಬ ಬಣ್ಣ, ಚಿನ್ನದಲ್ಲಿ ಬರೆದ ಅಕ್ಷರ. ಉರುಸಿಗೆ ಲಿಂಗಾಯತ ಜಂಗಮರು ಬರುತ್ತಾರೆ. ಅಲ್ಲಮಪ್ರಭು ಅಂತಲೇ ನಡೆದುಕೊಳ್ಳುವವರೂ ಇದ್ದಾರೆ. ಅವರಿಗೆ ಮೇಲೆ ಬರೆದದ್ದು ಏನು ಅಂತ ಓದಿ ಹೇಳಿದವರು ಯಾರು?

---

ಶಾರ್ಜಾ_ರಿಟರ್ನ್:

ಕಾರ್ಡ್ ಬೇಕಾ ಬೇಡವಾ ಎನ್ನುವ ಜಗಳಕ್ಕೆ ಒಂದು ಹೊರಗಿನ ಉದಾಹರಣೆ. ಎಲ್ ಸೀಡ್ ಅಂತ ಒಬ್ಬ ಕಲಾವಿದ ಇದ್ದಾನೆ, ತುನೀಸಿಯಾ ಮೂಲ, ಹುಟ್ಟಿದ್ದು ಪ್ಯಾರಿಸ್. ಗೋಡೆಗಳ ಮೇಲೆ ಅರಬಿ ಅಕ್ಷರ ಬರೆಯುತ್ತಾನೆ. 2012ರಲ್ಲಿ ತುನೀಸಿಯಾದ ಗಾಬೆಸ್ ಊರಿನ ಜಾರಾ ಮಸೀದಿಯ ಮಿನಾರದ ಮೇಲೆ ಕುರ್‌ಆನಿನ ಒಂದು ಸಾಲು ಬರೆದ: ನಿಮ್ಮನ್ನು ಗಂಡು ಹೆಣ್ಣಿನಿಂದ ಹುಟ್ಟಿಸಿ, ನೀವು ಒಬ್ಬರನ್ನೊಬ್ಬರು ಅರಿಯಲೆಂದು ಜನಾಂಗ, ಬುಡಕಟ್ಟುಗಳಾಗಿ ಮಾಡಿದೆವು ಅಂತ.

ಆದರೆ ನನಗೆ ಇಷ್ಟ ಅವನ 2016ರ ಕೆಲಸ. ಕೈರೋದಲ್ಲಿ ಕಸ ಆಯುವವರ ಬೀದಿ, ಮನ್ಶಿಯತ್ ನಾಸಿರ್. ಅಲ್ಲಿನವರು ಹೆಚ್ಚಾಗಿ ಕಾಪ್ಟಿಕ್ ಕ್ರೈಸ್ತರು. ಇಡೀ ಊರಿನ ಕಸ ವಿಂಗಡಿಸಿ ಬದುಕುವವರನ್ನು ಊರೇ ಕೊಳಕರು ಅಂತ ನೋಡುತ್ತದೆ. ಸುಮಾರು 50 ಕಟ್ಟಡಗಳ ಗೋಡೆಗಳಿಗೆ ಒಂದೇ ವಾಕ್ಯವನ್ನು ಹರಡಿ ಬರೆದ. ಬೀದಿಯಲ್ಲಿ ನಿಂತರೆ ಬಿಳಿ, ಕಿತ್ತಳೆ, ನೀಲಿ ಗೆರೆಗಳ ಚೂರು ಮಾತ್ರ. ಪಕ್ಕದ ಮುಕತ್ತಂ ಗುಡ್ಡದ ಮೇಲೆ ಒಂದು ಜಾಗಕ್ಕೆ ಹೋಗಿ ನಿಂತರೆ ಎಲ್ಲ ಸೇರಿ ಒಂದು ವೃತ್ತ ಆಗುತ್ತದೆ. ಬರೆದದ್ದು ಆಯತ್ ಅಲ್ಲ, ಅಲೆಕ್ಸಾಂಡ್ರಿಯಾದ ಬಿಷಪ್ ಸಂತ ಅಥನಾಸಿಯಸರ ಮಾತು: ಬಿಸಿಲನ್ನು ಸರಿಯಾಗಿ ಕಾಣಬೇಕಾದವನು ಮೊದಲು ತನ್ನ ಕಣ್ಣು ಒರೆಸಿಕೊಳ್ಳಬೇಕು. ಮುಸ್ಲಿಂ ಹುಡುಗ, ಕ್ರೈಸ್ತರ ಗೋಡೆ, ಕ್ರೈಸ್ತ ಗುರುವಿನ ಮಾತು, ಅರಬಿ ಲಿಪಿ. ಅರಬಿ ಲಿಪಿ ಅಂದರೆ ಬರೀ ನಮ್ಮದು ಅಂದುಕೊಳ್ಳುವವರು ಇದನ್ನು ನೋಡಬೇಕು. ಅಲ್ಲಿನ ಕ್ರೈಸ್ತರ ಬೈಬಲ್ಲೂ ಅರಬಿಯಲ್ಲೇ ಇದೆ, ದೇವರಿಗೆ ಅವರೂ ಅಲ್ಲಾಹ್ ಅಂತಲೇ ಹೇಳುತ್ತಾರೆ.

ಅವನ ಅಕ್ಷರಗಳನ್ನು ಅರಬರಿಗೇ ಓದಲು ಕಷ್ಟ. ಅಳತೆಯಲ್ಲಿ ನೋಡಿದರೆ ನನ್ನ ಉಸ್ತಾದರು ಒಪ್ಪಲಿಕ್ಕಿಲ್ಲ. ನಾನು ಅವನಿಗೆ ಮಾತ್ರ ಮಾಫಿ ಕೊಟ್ಟಿದ್ದೇನೆ.

---

ಬಂದರ್_ಪೇಂಟರ್:

ಎತ್ತರದ ಕೆಲಸಕ್ಕೆ ಒಂದು ಗುಟ್ಟು ಹೇಳ್ತೇನೆ. ಮೇಲೆ ಇರುವ ಅಕ್ಷರವನ್ನು ಸ್ವಲ್ಪ ದೊಡ್ಡದು ಬರೆಯಬೇಕು. ಇಲ್ಲದಿದ್ದರೆ ಕೆಳಗಿನಿಂದ ನೋಡುವಾಗ ಮೇಲಿನದು ಕುಗ್ಗಿದ ಹಾಗೆ ಕಾಣುತ್ತದೆ. ತಾಜ್‌ಮಹಲಿನ ಬಾಗಿಲ ಚೌಕಟ್ಟಿನಲ್ಲಿ ಅಮಾನತ್ ಖಾನ್ ಬರೆದ ಥುಲುಥ್ ಅಕ್ಷರಗಳೂ ಮೇಲೆ ಹೋದ ಹಾಗೆ ದೊಡ್ಡದಾಗುತ್ತವೆ, ಬಿಳಿ ಅಮೃತಶಿಲೆಯಲ್ಲಿ ಕಪ್ಪು ಕಲ್ಲು ಕೂರಿಸಿದ್ದು. ನಾವು ಏಣಿ ಹತ್ತಿ ಇಳಿದು ಕಲಿತದ್ದನ್ನು ಅವರು ಶಾಹಜಹಾನನ ಕಾಲದಲ್ಲೇ ಮಾಡಿ ಇಟ್ಟಿದ್ದಾರೆ.

ಉಮ್ಮ ಹೇಳಿದ್ದು ಸರಿ. ಎದೆ ಮಟ್ಟಕ್ಕಿಂತ ಮೇಲೆ ಹಾಕಿ. ಹಾಗೆ ಹಾಕುವಾಗ ಈ ಲೆಕ್ಕ ನೆನಪಿರಲಿ.

---

ಉಳ್ಳಾಲ_ಕಡಲು:

ನಾನು ಬೇರೆಯೇ ಒಂದು ತಕರಾರು ತೆಗೆಯುತ್ತೇನೆ.

ಎಲ್ಲರೂ ಬಗ್ದಾದ್, ತುರ್ಕಿ, ಶಾರ್ಜಾ ಅಂತ ಹೇಳ್ತಿದ್ದೀರಿ. ನಮ್ಮ ಕರಾವಳಿಗೆ ಸ್ವಂತ ಅರಬಿ ಬರಹ ಇರಲಿಲ್ಲವಾ? ಮದ್ರಸದಲ್ಲಿ ನಾವು ಓದಿದ ಪುಸ್ತಕ ಅರಬಿ ಮಲಯಾಳಂ, ಅಂದರೆ ಅರಬಿ ಲಿಪಿಯಲ್ಲಿ ಬರೆದ ಮಲಯಾಳಂ. ಹಳೇ ಮುಸ್‌ಹಫ್ (ಕುರ್‌ಆನ್ ಪ್ರತಿ) ಮನೆಯಲ್ಲಿದ್ದರೆ ತೆಗೆದು ನೋಡಿ. ಅಕ್ಷರ ದಪ್ಪ, ಗುಂಡಗೆ, ಸ್ವಲ್ಪ ಕುಳ್ಳಗೆ. ಪೊನ್ನಾನಿ ಲಿಪಿ ಅಂತ ಅದಕ್ಕೆ ಹೆಸರು, ಮಲಬಾರಿನಲ್ಲಿ ಬೆಳೆದದ್ದು. ತುರ್ಕಿಯ ನಸ್ಖ್‌ನ ನಾಜೂಕು ಅದರಲ್ಲಿ ಇಲ್ಲ. ಓದುವ ಮಗುವಿಗೆ ಅಕ್ಷರ ತಪ್ಪಬಾರದು ಅಂತ ಬರೆದ ಹಾಗೆ ಇರುತ್ತದೆ. ನಮ್ಮ ಅಜ್ಜನವರು ಓದುಪಳ್ಳಿಯಲ್ಲಿ ಮರದ ಹಲಗೆಗೆ ಜೇಡಿಮಣ್ಣು ಬಳಿದು, ಒಣಗಿದ ಮೇಲೆ ಬಿದಿರ ಕಡ್ಡಿಯಲ್ಲಿ ಬರೆದು ಕಲಿತದ್ದು ಇಂಥ ಅಕ್ಷರವನ್ನೇ. ಪಾಠ ಬಾಯಿಪಾಠ ಆದ ಮೇಲೆ ಹಲಗೆ ತೊಳೆದು ಮತ್ತೆ ಮಣ್ಣು ಬಳಿಯುವುದು.

ಈಗ ಗಲ್ಫಿನಿಂದ ಬರುವ ಮುಸ್‌ಹಫ್ ಎಲ್ಲರ ಮನೆಯಲ್ಲೂ ಒಂದೇ ಅಕ್ಷರದ್ದು. ಚಂದವೇ, ಇಲ್ಲ ಅನ್ನುವುದಿಲ್ಲ. ಆದರೆ ಮಂಗಳೂರಿನಲ್ಲಿ ಬ್ಯಾರಿ ಹುಡುಗಿ ಪ್ರದರ್ಶನ ಇಡುತ್ತಿದ್ದಾಳೆ ಅಂದರೆ ಒಂದಾದರೂ ಪೊನ್ನಾನಿ ಅಕ್ಷರ ಇರಬೇಡವಾ? ತುಳು ಲಿಪಿಯ ಬೋರ್ಡ್ ಬೇಕು ಅಂತ ಊರಿನವರು ಅಷ್ಟು ಆಸೆಯಿಂದ ಓಡಾಡುತ್ತಿದ್ದಾರೆ. ನಾವು ನಮ್ಮ ಅಕ್ಷರವನ್ನು ಅಟ್ಟಕ್ಕೆ ಹಾಕಿ ಗೆದ್ದಲಿಗೆ ಬಿಟ್ಟಿದ್ದೇವೆ.

---

ಶಾರ್ಜಾ_ರಿಟರ್ನ್:

@ಉಳ್ಳಾಲ_ಕಡಲು ಈ ಮಾತು ನನಗೆ ಹೊಳೆಯಲೇ ಇಲ್ಲ. ಆದರೆ ಒಂದು ತೊಂದರೆ. ನಸ್ಖ್‌ಗೆ ಚುಕ್ಕೆಯ ಲೆಕ್ಕ ಬರೆದಿಟ್ಟ ಪುಸ್ತಕ ಸಿಗುತ್ತದೆ. ಪೊನ್ನಾನಿ ಅಕ್ಷರ ಕಲಿಯಬೇಕಾದರೆ ಹಳೇ ಪುಟವನ್ನೇ ಮುಂದೆ ಇಟ್ಟುಕೊಂಡು, ಕಲಂ ಎಷ್ಟು ಓರೆ ಇತ್ತು ಅಂತ ತಾನೇ ಊಹಿಸಿ ಬರೆಯಬೇಕು.

---

ಮಸಿಬಾಟ್ಲಿ:

@ಉಳ್ಳಾಲ_ಕಡಲು, ನಿಮ್ಮ ಪೋಸ್ಟ್ ಓದಿ ಅಟ್ಟಕ್ಕೆ ಹತ್ತಿದೆ. ತಮಾಷೆ ಅಲ್ಲ. ಅಜ್ಜಿಯ ಮುಸ್‌ಹಫ್ ಸಿಕ್ಕಿತು, ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ಅಂಚು ಹುಳ ತಿಂದಿದೆ, ನಡುವಿನ ಪುಟಗಳು ಚೆನ್ನಾಗಿವೆ. ‘ಕಾಫ್’ ಅಕ್ಷರದ ಮೇಲಿನ ಗೆರೆ ನಾನು ಕಲಿತದ್ದಕ್ಕಿಂತ ಪೂರ್ತಿ ಬೇರೆ, ಮಲಗಿದ ಹಾಗೆ ಉಂಟು. ಅಡ್ಡ ಗೆರೆಗೂ ನಿಂತ ಗೆರೆಗೂ ದಪ್ಪದಲ್ಲಿ ಜಾಸ್ತಿ ವ್ಯತ್ಯಾಸ ಇಲ್ಲ. ಅಂದರೆ ಕಲಂನ ತುದಿ ಬಹುಶಃ ಅಷ್ಟು ಓರೆ ಇರಲಿಲ್ಲ. ನನ್ನ ಒಂದು ಕಲಂ ತುದಿಯನ್ನು ನೇರಕ್ಕೆ ಕತ್ತರಿಸಿ ಬರೆದು ನೋಡಿದೆ. ಹತ್ತಿರ ಬಂತು, ಪೂರ್ತಿ ಅಲ್ಲ. ‘ಕಾಫ್’ ಒಂದನ್ನೇ ಒಂದು ಹಾಳೆ ತುಂಬ ಬರೆದಿದ್ದೇನೆ. ಉಮ್ಮ ಬಂದು ನೋಡಿ, ‘ಇದು ಓದಲಿಕ್ಕೆ ಬರ್ತದೆ, ನಿನ್ನ ಬೇರೆಯದ್ದು ಬರಲ್ಲ’ ಅಂದರು.

---

ಫ್ಲೆಕ್ಸ್_ಹುಡುಗ (ಮಣಿಪಾಲ):

ಅಕ್ಕಾ, ಆಮಂತ್ರಣ ಪತ್ರ, ಬ್ಯಾನರ್ ಎಲ್ಲಿ ಮಾಡಿಸ್ತೀರಿ? ಎಲ್ಲಿ ಮಾಡಿಸಿದರೂ ಒಂದು ವಿಷಯ. ಅರಬಿ ಅಕ್ಷರವನ್ನು ಟೈಪ್ ಮಾಡಿ ಕಳುಹಿಸಬೇಡಿ. ಫೋಟೊಶಾಪ್‌ನಲ್ಲಿ ಆ ಭಾಷೆಯ ಸೆಟ್ಟಿಂಗ್ ಆನ್ ಇಲ್ಲದಿದ್ದರೆ ಅಕ್ಷರಗಳು ಬಿಡಿ ಬಿಡಿಯಾಗಿ, ಎಡದಿಂದ ಬಲಕ್ಕೆ ತಿರುಗಿ ಕೂರುತ್ತವೆ. ನಮ್ಮ ಕನ್ನಡದ ಒತ್ತಕ್ಷರ ಒಡೆದುಹೋಗುತ್ತದಲ್ಲ, ಅದೇ ರೋಗ. ಅಂಗಡಿಯವರಿಗೆ ಓದಲು ಬರುವುದಿಲ್ಲ, ಗೊತ್ತೇ ಆಗದೆ ಪ್ರಿಂಟ್ ಹೋಗಿಬಿಡುತ್ತದೆ. ದೊಡ್ಡ ದೊಡ್ಡ ಸಂಸ್ಥೆಗಳ ಬ್ಯಾನರಿನಲ್ಲೂ ಹೀಗೆ ತಲೆಕೆಳಗಾಗಿ ಬಂದದ್ದನ್ನು ನೋಡಿದ್ದೇನೆ. ನೀವು ಕೈಯಲ್ಲಿ ಬರೆದದ್ದನ್ನೇ ಸ್ಕ್ಯಾನ್ ಮಾಡಿ, ಚಿತ್ರವಾಗಿ ಕೊಡಿ. ಕನ್ನಡವನ್ನು ಔಟ್‌ಲೈನ್ ಮಾಡಿ ಪಿಡಿಎಫ್ ಕೊಡಿ. ಮತ್ತೆ ನೆಲಕ್ಕೆ ಹಾಸುವ ಫ್ಲೆಕ್ಸ್‌ನಲ್ಲಿ ಅಕ್ಷರ ಬೇಡ, ಅದು ನಿಮಗೇ ಗೊತ್ತು.

---

ನೇತ್ರಾವತಿ_ದಡ:

ಕಾಗದದ ವಿಷಯ ಯಾರೂ ಪೂರ್ತಿ ಹೇಳಲಿಲ್ಲ. ಹಳೇ ಕ್ರಮದಲ್ಲಿ ಕಾಗದಕ್ಕೆ ಗಂಜಿ, ಮೊಟ್ಟೆಯ ಬಿಳಿ, ಪಟಿಕ ಬಳಿದು ಅಗೇಟ್ ಕಲ್ಲಿನಿಂದ ಉಜ್ಜಿ ನಯ ಮಾಡುತ್ತಾರೆ. ಮಸಿ ಕಾಗದದ ಒಳಗೆ ಇಳಿಯದೆ ಮೇಲೇ ಕೂರುತ್ತದೆ. ತಪ್ಪಾದರೆ ಒದ್ದೆ ಮಾಡಿ ಒರೆಸಿ ತಿದ್ದಬಹುದು. ಆದರೆ ನಮ್ಮ ಜುಲೈಯಲ್ಲಿ ಇಂಥ ಕಾಗದ ಇಟ್ಟರೆ ಬೂಸ್ಟು ಗ್ಯಾರಂಟಿ, ಗಂಜಿಯ ವಾಸನೆಗೆ ಬೆಳ್ಳಿಹುಳ ಬೇರೆ. ಮಸಿಗೂ ತೊಂದರೆ: ದೀಪದ ಮಸಿ ಮತ್ತು ಗೋಂದಿನಿಂದ ಮಾಡಿದ್ದು, ತೇವ ಇದ್ದರೆ ಮುಟ್ಟಿದಲ್ಲಿ ಅಂಟುತ್ತದೆ. ಫ್ರೇಮಿನ ಗಾಜು ಕಾಗದಕ್ಕೆ ತಾಗದ ಹಾಗೆ ನಡುವೆ ದಪ್ಪ ಮೌಂಟ್ ಹಾಕಿಸಿ. ಹಿಂದೆ ರಟ್ಟು ಬೇಡ, ತೇವ ಹೀರುತ್ತದೆ.

---

ಮಸಿಬಾಟ್ಲಿ:

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ದಿನ ಓದಿ, ಹಾಲ್‌ನವರ ಹತ್ತಿರವೂ ಮಾತಾಡಿ ಬಂದೆ. ಈಗ ಹೀಗೆ ಮಾಡುವ ಅಂತ ಉಂಟು.

ಹೆಸರು ‘ಕಲಂ’ ಅಷ್ಟೇ. ಸೌಹಾರ್ದ ಇಲ್ಲ. ಹಾಲ್‌ನವರು ಸ್ವಲ್ಪ ಮುಖ ಸಣ್ಣ ಮಾಡಿದರು. ಉದ್ಘಾಟನೆಯ ಭಾಷಣದಲ್ಲಿ ನೀವು ಏನು ಬೇಕಾದರೂ ಹೇಳಿ, ಗೋಡೆಯ ಮೇಲೆ ಮಾತ್ರ ಬೇಡ ಅಂದೆ. ಒಪ್ಪಿದರು.

ಆಯತ್‌ಗಳು ಕಾಗದದ ಮೇಲೆ ಮಾತ್ರ, ಓದಲು ಬರುವ ಹಾಗೆ, ಅಳತೆಗೆ ಸರಿ. ಬರೆದ ಮೇಲೆ ಒಬ್ಬ ಉಸ್ತಾದರಿಗೆ ತೋರಿಸುವುದು, ಪೇಂಟರ್ ಅಣ್ಣನ ಕ್ರಮದಲ್ಲೇ. ಕ್ಯಾನ್ವಾಸಿನಲ್ಲಿ ಬಿಡಿ ಅಕ್ಷರಗಳು. ಎರಡು ಕ್ಯಾನ್ವಾಸನ್ನು ಈ ಕಾರಣಕ್ಕೆ ಹೊರಗೆ ಇಡುತ್ತಿದ್ದೇನೆ, ಚಿನ್ನದ ಹಾಳೆಯದ್ದೂ ಅದರಲ್ಲಿ ಸೇರಿತು. ಮೇಷ್ಟ್ರಿಗೆ ಸಂತೋಷ ಆಗಬಹುದು.

ಕಾರ್ಡಿನ ಜಗಳ ನನ್ನ ತಲೆಯಲ್ಲೂ ಮುಗಿದಿಲ್ಲ. ಮಾಮ್ ಹೇಳಿದ ವಾಟ್ಸಾಪ್ ಹೆದರಿಕೆ ಸುಳ್ಳಲ್ಲ. ಮೇಷ್ಟ್ರು ಹೇಳಿದ್ದೂ ಸುಳ್ಳಲ್ಲ. ಸದ್ಯಕ್ಕೆ ಪ್ರತಿ ಚಿತ್ರದ ಪಕ್ಕ ಕಾರ್ಡ್ ಇಲ್ಲ. ಹೊರಗೆ ಹೋಗುವ ಬಾಗಿಲ ಹತ್ತಿರ ಒಂದೇ ದೊಡ್ಡ ಹಾಳೆ, ಎಲ್ಲದರ ಅರ್ಥ ಕನ್ನಡದಲ್ಲಿ, ನಂಬರ್ ಹಾಕಿ. ಮೊದಲು ನೋಡಲಿ, ಆಮೇಲೆ ಓದಲಿ, ಬೇಕಾದವರು ಮತ್ತೆ ಒಳಗೆ ಬರಲಿ. ಫೋಟೊ ತೆಗೆದು ಕಳುಹಿಸುವವರಿಗೆ ಆ ಹಾಳೆಯ ಫೋಟೊ ಕೂಡ ಕಳುಹಿಸಿ ಅಂತ ಹೇಳಲು ನನ್ನ ತಮ್ಮನನ್ನು ಬಾಗಿಲಲ್ಲಿ ಕೂರಿಸುತ್ತೇನೆ. ಅವನಿಗೆ ಮಾತು ಜಾಸ್ತಿ, ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಪೊನ್ನಾನಿ ಅಕ್ಷರದಲ್ಲಿ ಒಂದು ಕೆಲಸ ಖಂಡಿತ. ಆಯತ್ ಅಲ್ಲ, ಕೈ ಇನ್ನೂ ಪಳಗಿಲ್ಲ. ಶಾರ್ಜಾ ಅಣ್ಣ ಹೇಳಿದ ಮೊದಲ ಪಾಠದ ಪ್ರಾರ್ಥನೆಯನ್ನೇ ಅದರಲ್ಲಿ ಬರೆಯುತ್ತೇನೆ.

---

ಕಲ್ಸಂಕ_ಮೇಷ್ಟ್ರು (ಉಡುಪಿ):

ಬಾಗಿಲ ಹತ್ತಿರದ ಹಾಳೆಗೆ ನನ್ನ ಒಪ್ಪಿಗೆ ಉಂಟು. ಶಾಲೆಯ ಮಕ್ಕಳನ್ನು ಉಡುಪಿಯಿಂದ ಕರೆದುಕೊಂಡು ಬರಬಹುದಾ? ಗ್ರಾಫ್ ಕಾಗದ ನಾನೇ ತರುತ್ತೇನೆ, ಚೌಕ ಕೂಫಿ ಮಾಡಿಸಿ. ಚುಕ್ಕಿ ರಂಗೋಲಿ ಬಿಡಿಸುವ ಮಕ್ಕಳು, ಬೇಗ ಹಿಡಿದುಕೊಳ್ಳುತ್ತಾರೆ.

---

ಮಸಿಬಾಟ್ಲಿ:

ಬನ್ನಿ ಸರ್. ವಾರದ ದಿನ ಬೆಳಿಗ್ಗೆ ಬಂದರೆ ಒಳ್ಳೆಯದು, ರಶ್ ಇರುವುದಿಲ್ಲ. ಮಕ್ಕಳ ಹೆಸರನ್ನು ಮೊದಲೇ ಕಳುಹಿಸಿ, ಅವರವರ ಹೆಸರನ್ನೇ ಚೌಕದಲ್ಲಿ ಕಟ್ಟಿಸುವ. ಕನ್ನಡದ ‘ಳ’ ಮತ್ತು ‘ಣ’ ಇರುವ ಹೆಸರುಗಳಿಗೆ ಸ್ವಲ್ಪ ಯೋಚನೆ ಮಾಡಬೇಕು, ಅರಬಿಯಲ್ಲಿ ಅವು ಇಲ್ಲ.

---

ಉಳ್ಳಾಲ_ಕಡಲು:

ಅರಬಿ ಮಲಯಾಳಂನಲ್ಲಿ ಅವಕ್ಕೂ ಅಕ್ಷರ ಮಾಡಿಕೊಂಡಿದ್ದಾರೆ ತಂಗಿ. ನನ್ನ ಹತ್ತಿರ ಹಳೇ ಮದ್ರಸದ ಪುಸ್ತಕ ಉಂಟು, ಫೋಟೊ ಕಳುಹಿಸ್ತೇನೆ.